ಮೈಸೂರು ಮೇಷ್ಟ್ರ ಈಜಿಪ್ಟ್ ತಕ್ಕಡಿ

ಡಲ್ಲೆಸ್

ಅಮೆರಿಕದ ನೆಲದ ಮೇಲೆ ನಾನು ಮಾಡಿದ ಮೊದಲ ಪಾಠ ಡಲ್ಲೆಸ್ ವಿಮಾನ ನಿಲ್ದಾಣದ ಒಬ್ಬ ಕಸ್ಟಮ್ಸ್ ಅಧಿಕಾರಿಗೆ. ಅದು ತಪ್ಪು ಪಾಠ ಎನ್ನುವುದು ಆಗ ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ನನ್ನ ಸೂಟ್‌ಕೇಸಿನಲ್ಲಿ ಹಪ್ಪಳ, ಚಟ್ನಿಪುಡಿಗಳ ನಡುವೆ ಪಂಚೆಯಲ್ಲಿ ಸುತ್ತಿದ ಒಂದು ಹಿತ್ತಾಳೆ ತಕ್ಕಡಿ ಇತ್ತು. ಅಕ್ಕಸಾಲಿಗರು ಚಿನ್ನ ತೂಗಲು ಇಟ್ಟುಕೊಳ್ಳುವಂಥ ಪುಟ್ಟದು. ಅಧಿಕಾರಿ ಹಪ್ಪಳವನ್ನು ಪಕ್ಕಕ್ಕೆ ಸರಿಸಿ ತಕ್ಕಡಿಯನ್ನು ಮಾತ್ರ ಎತ್ತಿ ಹಿಡಿದ. ಇದರಲ್ಲಿ ಏನನ್ನು ತೂಗುತ್ತೀರಿ ಎಂದು ಕೇಳಿದ. ಮನುಷ್ಯರ ಹೃದಯವನ್ನು ಎಂದೆ. ಅವನು ಹೊಸ ಕೈಗವಸು ಹಾಕಿಕೊಂಡು ನನ್ನನ್ನು ಬೇರೆ ಮೇಜಿಗೆ ಕರೆದ.

ಸಣ್ಣ ತಕ್ಕಡಿ ಕಂಡರೆ ಆ ದೇಶದಲ್ಲಿ ಮಾದಕ ವಸ್ತುವಿನ ವ್ಯಾಪಾರದ ಅನುಮಾನ ಬರುತ್ತದೆಂದು ಆಮೇಲೆ ತಿಳಿಯಿತು. ನಾನು ಮಾತ್ರ ಕಪ್ಪುಹಲಗೆಯ ಮುಂದೆ ನಿಂತವನಂತೆ ಕತ್ತು ನೆಟ್ಟಗೆ ಮಾಡಿ ನನ್ನ ಮೈಸೂರು ಇಂಗ್ಲಿಷಿನಲ್ಲಿ ಶುರು ಮಾಡಿದೆ. ಪ್ರಾಚೀನ ಈಜಿಪ್ಟಿನವರಿಗೆ ನೂರಾರು ದೇವರುಗಳು. ಸತ್ತವನನ್ನು ನರಿಮೋರೆಯ ದೇವರು ನ್ಯಾಯಸಭೆಗೆ ಕರೆತರುತ್ತಾನೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಸತ್ತವನ ಹೃದಯ, ಇನ್ನೊಂದರಲ್ಲಿ ಸತ್ಯದ ದೇವಿಯ ಗರಿ. ಕೊಕ್ಕರೆಮೋರೆಯ ದೇವರು ತೀರ್ಪು ಬರೆದುಕೊಳ್ಳಲು ನಿಂತಿರುತ್ತಾನೆ. ಮೊಸಳೆಬಾಯಿಯ ಒಂದು ಪ್ರಾಣಿ ಪಕ್ಕದಲ್ಲೇ ಕಾದಿರುತ್ತದೆ. ಪುಣ್ಯ ತುಂಬಿ ಹೃದಯ ಗರಿಗಿಂತ ಭಾರವಾದರೆ ಸ್ವರ್ಗ. ಪುಣ್ಯವಿಲ್ಲದೆ ಹಗುರಾಗಿದ್ದರೆ ಮೊಸಳೆಬಾಯಿ.

ಅಧಿಕಾರಿ ನಕ್ಕುಬಿಟ್ಟ. ಹಾಗಾದರೆ ನನ್ನದು ಭಾರವಿರಲಿ ಎಂದು ಹಾರೈಸಿ ಎಂದು ಹೇಳಿ, ತಕ್ಕಡಿಯನ್ನು ನನಗಿಂತ ಚೆನ್ನಾಗಿ ಪಂಚೆಯಲ್ಲಿ ಸುತ್ತಿ ಕೊಟ್ಟ. ನಾನೂ ಹಾರೈಸಿದೆ.

ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಸಮಾಜ ಪಾಠ ಮಾಡಿದವನು ನಾನು. ಆ ವರ್ಷಗಳಲ್ಲಿ ನನಗೆ ಹೆಸರು ತಂದದ್ದು ಈ ಒಂದೇ ಪಾಠ. ಒಂದು ತಟ್ಟೆಯಲ್ಲಿ ನವಿಲುಗರಿ ಇಡುತ್ತಿದ್ದೆ. ಇನ್ನೊಂದರಲ್ಲಿ ಕೆಂಪು ಬಟ್ಟೆಯ ಪುಟ್ಟ ಚೀಲ, ಅದೇ ಹೃದಯ. ಮಕ್ಕಳು ಒಬ್ಬೊಬ್ಬರಾಗಿ ಬಂದು ತಾವು ಮಾಡಿದ ಒಂದು ಒಳ್ಳೆಯ ಕೆಲಸ ಹೇಳಿ, ಚೀಲಕ್ಕೊಂದು ಹುಣಸೆಬೀಜ ಹಾಕಬೇಕು. ಸ್ವಲ್ಪ ಹೊತ್ತಿಗೆ ಚೀಲದ ತಟ್ಟೆ ಮೇಜಿಗೆ ಠಣ್ ಎಂದು ತಾಗುತ್ತಿತ್ತು. ಆಗ ನಾನು ಎರಡೂ ಕೈ ಮೇಲೆತ್ತಿ, "ಪುಣ್ಯ ತೂಗಿತು, ಬಾಗಿಲು ತೆಗೀರಿ" ಎನ್ನುತ್ತಿದ್ದೆ. ಇಡೀ ತರಗತಿ ಚಪ್ಪಾಳೆ ಹೊಡೆಯುತ್ತಿತ್ತು. ಪಕ್ಕದ ತರಗತಿಯ ಮೇಷ್ಟ್ರಿಗೆ ಹೊಟ್ಟೆಯುರಿ.

ಅಟ್ಲಾಂಟಾದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಗಳು ಸೇರಿ ಗುರುವಂದನೆ ಇಟ್ಟುಕೊಂಡಿದ್ದೇವೆ, ಬನ್ನಿ ಎಂದು ಟಿಕೆಟ್ ಕಳಿಸಿದ್ದರು. ಒಂದೇ ಷರತ್ತು. ತಕ್ಕಡಿ ತರಬೇಕು, ಆ ಪಾಠವನ್ನು ವೇದಿಕೆಯ ಮೇಲೆ ಇನ್ನೊಮ್ಮೆ ಮಾಡಬೇಕು. ಕೋವಿಡ್ ಕಾಲದಲ್ಲಿ ಎರಡು ವರ್ಷ ಗೋಡೆ ನೋಡಿಕೊಂಡು ಕೂತಿದ್ದ ನಿವೃತ್ತ ಮೇಷ್ಟ್ರಿಗೆ ಇದಕ್ಕಿಂತ ಇನ್ನೇನು ಬೇಕು?

ಜರ್ಮನ್‌ಟೌನ್

ವಿಮಾನ ನಿಲ್ದಾಣಕ್ಕೆ ಬಂದಿದ್ದವಳು ನಸೀಮಾ, ನನ್ನದೇ ವಿದ್ಯಾರ್ಥಿನಿ. ಮೇರಿಲ್ಯಾಂಡಿನ ಜರ್ಮನ್‌ಟೌನಿನಲ್ಲಿ ಔಷಧ ಸಂಶೋಧನೆಯ ಲ್ಯಾಬಿನಲ್ಲಿ ಕೆಲಸ. ಮೊದಲ ಮೂರು ದಿನ ನಾನು ಅವಳ ಮನೆಯಲ್ಲಿರುವುದು, ಆಮೇಲೆ ಅವಳು, ಗಂಡ ಇಮ್ತಿಯಾಜ್, ಹನ್ನೊಂದು ವರ್ಷದ ಮಗಳು ಸಾರಾ, ಎಲ್ಲರೂ ಕೂಡಿ ಕಾರಿನಲ್ಲಿ ಅಟ್ಲಾಂಟಾಕ್ಕೆ ಹೋಗುವುದು ಎಂದು ಏರ್ಪಾಡಾಗಿತ್ತು. ಮನೆಯಲ್ಲಿ ಅವರದು ಉರ್ದು. ಆದರೂ ನಸೀಮಾ ಮಗಳಿಗೆ ಕನ್ನಡ ಕಲಿಸಿದ್ದಳು.

"ಸರ್, ಲ್ಯಾಬಲ್ಲಿ ಡೈಲಿ ಮಿಲಿಗ್ರಾಂ ಲೆಕ್ಕದಲ್ಲಿ ತೂಕ ಮಾಡ್ತೀನಿ. ಪ್ರತಿ ಸಲಾನೂ ನಿಮ್ಮ ತಕ್ಕಡಿ ಜ್ಞಾಪಕ ಬರುತ್ತೆ" ಎಂದು ದಾರಿಯಲ್ಲಿ ಹೇಳಿದಳು. ನಾನು ಉಬ್ಬಿಹೋದೆ.

ಅಡುಗೆಮನೆಗೆ ಕರೆದುಕೊಂಡು ಹೋಗಿ ಒಂದು ಸೆಟ್ ಹೊಸ ಪಾತ್ರೆ ತೋರಿಸಿದಳು. ಅವುಗಳ ಮೇಲಿನ ಸ್ಟಿಕ್ಕರ್ ಕೂಡ ಕಿತ್ತಿರಲಿಲ್ಲ. "ನಿಮಗೋಸ್ಕರ ತಂದಿದ್ದು ಸರ್, ಇದ್ರಲ್ಲಿ ಬೇರೆ ಏನೂ ಮಾಡಿಲ್ಲ" ಎಂದಳು. ಇದೆಲ್ಲ ಬೇಡವಾಗಿತ್ತು ಎಂದು ಬಾಯಲ್ಲಿ ಹೇಳಿದೆ. ಒಳಗೊಳಗೆ ಸಮಾಧಾನವಾಗಿತ್ತು. ಅದನ್ನು ಈಗ ಬರೆಯುವಾಗ ಮುಖ ಬಿಸಿಯಾಗುತ್ತದೆ.

ಬೆಳಗ್ಗೆ ಪಂಚೆ ಉಟ್ಟು, ಮಂಕಿಕ್ಯಾಪ್ ಹಾಕಿಕೊಂಡು ವಾಕಿಂಗ್ ಹೊರಟೆ. ಅಲ್ಲಿಯವರು ಗುರುತಿಲ್ಲದವರಿಗೂ ಗುಡ್ ಮಾರ್ನಿಂಗ್ ಹೇಳುತ್ತಾರೆ, ಆದರೆ ಹೇಳಿದ ಮೇಲೆ ನಿಲ್ಲುವುದಿಲ್ಲ. ನಮ್ಮ ಕಡೆ ಮಾತಾಡಿಸಿದ ಮೇಲೆ ಎಲ್ಲಿಗೆ ಹೊರಟಿರಿ ಎಂದು ಕೇಳದಿದ್ದರೆ ಮರ್ಯಾದೆಯಲ್ಲ. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಒಬ್ಬ ಹೆಂಗಸನ್ನು ನಾನು ಹಾಗೆಯೇ ಕೇಳಿದೆ. ಆಕೆ ಗಾಬರಿಯಿಂದ ರಸ್ತೆ ದಾಟಿದಳು. ಸಂಜೆಯೊಳಗೆ ಆ ಬೀದಿಯವರ ವಾಟ್ಸ್ಯಾಪ್ ಗುಂಪಿನಲ್ಲಿ ಬಿಳಿ ಲುಂಗಿಯ ಅಪರಿಚಿತನ ಸುದ್ದಿ ಬಂದಿತ್ತು. ಇಮ್ತಿಯಾಜ್ ನಗುತ್ತಾ, "ಅವ್ರು ನಮ್ಮ ವೈಫ್ ಟೀಚರ್ ಅಂತ ರಿಪ್ಲೈ ಹಾಕಿದೀನಿ ಸರ್, ಡೋಂಟ್ ವರಿ" ಎಂದರು.

ವಾಷಿಂಗ್ಟನ್

ಎರಡನೆಯ ದಿನ ಈಜಿಪ್ಟಿನ ವಸ್ತುಗಳಿರುವ ಒಂದು ಮ್ಯೂಸಿಯಂಗೆ ಕರೆದುಕೊಂಡು ಹೋದರು. ನಮ್ಮಲ್ಲಿ ಮ್ಯೂಸಿಯಂ ಎಂದರೆ ಶಾಲೆಯ ಮಕ್ಕಳನ್ನು ಸಾಲಾಗಿ ಓಡಿಸಿಕೊಂಡು ಹೋಗುವ ಜಾಗ. ಅಲ್ಲಿಯ ಜನ ಗಾಜಿನ ಪಕ್ಕದಲ್ಲಿರುವ ಒಂದೊಂದು ವಿವರಣೆಯನ್ನೂ ನಿಂತು ಓದುತ್ತಾರೆ. ಓದಿ ಮುಗಿಸಿ, ಹಿಂದೆ ನಿಂತವರಿಗೆ ಸಾರಿ ಹೇಳಿ ಜಾಗ ಬಿಡುತ್ತಾರೆ. ನಾನು ಅದನ್ನೆಲ್ಲ ಓದುವವನಲ್ಲ. ಓದುವುದೇನಿದ್ದರೂ ಗೊತ್ತಿಲ್ಲದವರು ಎನ್ನುವ ಜಂಬ ನನ್ನದು.

ಒಂದು ಬಣ್ಣದ ಶವಪೆಟ್ಟಿಗೆಯ ಮೇಲೆ ನನ್ನ ಪಾಠದ ಚಿತ್ರವೇ ಇತ್ತು. ನರಿಮೋರೆಯವನು, ತಕ್ಕಡಿ, ಗರಿ, ಮೊಸಳೆಬಾಯಿ, ಎಲ್ಲವೂ. ಮೂವತ್ತೊಂದು ವರ್ಷ ಪಾಠ ಮಾಡಿದ್ದನ್ನು ಮೊದಲ ಸಲ ಕಣ್ಣಾರೆ ಕಂಡೆ. ಸಾರಾಳನ್ನು ಮುಂದೆ ನಿಲ್ಲಿಸಿಕೊಂಡು ಶುರು ಮಾಡಿದೆ. ಹೃದಯ ಭಾರವಿದ್ದರೆ ಸ್ವರ್ಗ ಎನ್ನುವಲ್ಲಿಗೆ ಬಂದಾಗ ಅವಳು ಗೋಡೆಯ ಬರಹದತ್ತ ಬಗ್ಗಿದಳು.

"ಸರ್ ತಾತಾ, ಇಲ್ಲಿ ಡಿಫರೆಂಟ್ ಇದೆ. ಹೆವಿ ಈಸ್ ಬ್ಯಾಡ್. ಹೆವಿ ಇದ್ರೆ ದಟ್ ಮಾನ್‌ಸ್ಟರ್ ತಿಂತದೆ."

"ಅದು ಬೇರೆ ರಾಜರ ಕಾಲದ್ದು ಮರಿ" ಎಂದೆ. "ನಾನು ಹೇಳ್ತಿರೋದು ಅದಕ್ಕಿಂತ ಹಳೇದು."

ಎಷ್ಟು ಸಲೀಸಾಗಿ ಬಂತು ಆ ಸುಳ್ಳು. ನಸೀಮಾ ನನ್ನ ಬಲಕ್ಕೆ ನಿಂತಿದ್ದಳು. ಅವಳು ನನ್ನನ್ನು ನೋಡಲಿಲ್ಲ, ಚಿತ್ರವನ್ನೇ ನೋಡುತ್ತಿದ್ದಳು.

ನಾನು ಟಾಯ್ಲೆಟ್ಟಿಗೆ ಹೋಗಿ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಹುಡುಕಿದೆ. ಎರಡು ಸಾಲಿಗೇ ಗೊತ್ತಾಯಿತು. ಹೃದಯ ಗರಿಗೆ ಸಮನಾಗಿ ತೂಗಬೇಕು, ಪಾಪವೇ ಭಾರ. ಮುಂದೆ ಓದಲು ಮನಸ್ಸಾಗದೆ ಫೋನ್ ಜೇಬಿಗಿಟ್ಟೆ.

ತಪ್ಪು ಎಲ್ಲಿಂದ ಬಂತೆಂದು ನನಗೆ ಗೊತ್ತು. ಪಠ್ಯಪುಸ್ತಕದಲ್ಲಿದ್ದದ್ದು ಒಂದೇ ವಾಕ್ಯ, ಸತ್ತವನ ಹೃದಯವನ್ನು ಗರಿಯೊಂದಿಗೆ ತೂಗುತ್ತಾರೆಂದು ನಂಬಿದ್ದರು ಎಂದಷ್ಟೇ. ಉಳಿದದ್ದನ್ನು ನಾನೇ ತುಂಬಿದೆ. ತಕ್ಕಡಿ ಮತ್ತು ದೇವರು ಎಂದೊಡನೆ ನನ್ನ ಕಣ್ಣಿಗೆ ಬಂದದ್ದು ನಂಜನಗೂಡಿನ ತುಲಾಭಾರ. ಒಂದು ಕಡೆ ಮಗು, ಇನ್ನೊಂದು ಕಡೆ ಬೆಲ್ಲ. ಮಗುವಿನ ತಟ್ಟೆ ಕೆಳಗಿಳಿದರೆ ಮನೆಯವರಿಗೆಲ್ಲ ಖುಷಿ, ಇನ್ನಷ್ಟು ಬೆಲ್ಲ ಏರಿಸುತ್ತಾರೆ. ತೂಗುವುದೆಂದರೆ ಭಾರವೇ ಒಳ್ಳೆಯದು ಎನ್ನುವುದು ನನಗೆ ಪ್ರಶ್ನೆಯೇ ಆಗಿರಲಿಲ್ಲ. ಈಜಿಪ್ಟಿನವರ ದೇವರುಗಳನ್ನು ನಂಜನಗೂಡಿಗೆ ಕರೆತಂದು ನಮ್ಮ ಪದ್ಧತಿ ಕಲಿಸಿಬಿಟ್ಟಿದ್ದೆ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಟಾಯ್ಲೆಟ್ಟಿನ ಆ ಬಾಗಿಲ ಹಿಂದೆ ನಿಂತಾಗ ಇಪ್ಪತ್ತೈದು ವರ್ಷದ ಹಿಂದಿನ ಒಂದು ಬೆಳಗ್ಗೆ ನೆನಪಾಯಿತು. ಎಂಟನೆಯ ತರಗತಿ. ಎರಡನೆಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತು, "ಸರ್, ಹಗುರ ಇರಬೇಕಂತೆ. ನಮ್ಮ ಅಬ್ಬಾ ಓದಿದಾರೆ" ಎಂದಿದ್ದಳು.

"ಏನ್ ಮಾಡ್ತಾರಮ್ಮ ನಿಮ್ಮಪ್ಪ?"

"ಪ್ರೆಸ್ಸಲ್ಲಿ ಬೈಂಡಿಂಗ್ ಸರ್."

"ಪುಸ್ತಕ ಹೊಲಿಯೋರು ಬೇರೆ, ಓದೋರು ಬೇರೆ. ಕೂತ್ಕೋ."

ತರಗತಿ ಗೊಳ್ಳೆಂದು ನಕ್ಕಿತ್ತು. ನಾನೂ ನಕ್ಕಿದ್ದೆ. ಆ ಹುಡುಗಿ ಈಗ ಮ್ಯೂಸಿಯಂನಲ್ಲಿ ನನ್ನ ಜಾಕೆಟ್ ಹಿಡಿದುಕೊಂಡು ಹೊರಗೆ ಕಾಯುತ್ತಿದ್ದಳು.

ಉತ್ತರ ಕೆರೊಲಿನಾ

ಅವರ ಬೆಳಗಿನ ನಮಾಜು ಮುಗಿದ ಮೇಲೆ ಅಟ್ಲಾಂಟಾಕ್ಕೆ ಹೊರಟೆವು. ಅಮೆರಿಕದ ಹೆದ್ದಾರಿಯಲ್ಲಿ ನೋಡುವುದಕ್ಕೇನಿಲ್ಲ. ಮರ, ಮರ, ಮತ್ತೆ ಮರ. ಹಾರನ್ ಇಲ್ಲದ ರಸ್ತೆಯಲ್ಲಿ ನನ್ನ ತಲೆಯೊಳಗಿನ ಸದ್ದೇ ಜಾಸ್ತಿ ಕೇಳುತ್ತಿತ್ತು. ದಕ್ಷಿಣಕ್ಕೆ ಇಳಿದಂತೆ ಚರ್ಚಿನ ಫಲಕಗಳು ಹೆಚ್ಚಾದವು. ನಿನ್ನ ಪಾಪಕ್ಕೆ ಉತ್ತರ ಕೊಡಲು ಸಿದ್ಧನಿದ್ದೀಯಾ ಎಂದು ಒಂದು ದೊಡ್ಡ ಫಲಕ ಕೇಳಿತು. ಅದನ್ನು ಓದಿ ನಾನು ಕಿಟಕಿಯ ಗಾಜಿನಿಂದ ಮುಖ ತಿರುಗಿಸಿದೆ.

ಉತ್ತರ ಕೆರೊಲಿನಾದ ಒಂದು ರೆಸ್ಟ್ ಏರಿಯಾದಲ್ಲಿ ಊಟಕ್ಕೆ ನಿಲ್ಲಿಸಿದರು. ಹೊಸ ಪಾತ್ರೆಯಲ್ಲಿ ಮಾಡಿದ ಪುಳಿಯೋಗರೆ. ಪಕ್ಕದ ಮೇಜಿನ ಮುದುಕ ದಂಪತಿ ತಿನ್ನುವ ಮುಂಚೆ ಕೈ ಕೈ ಹಿಡಿದು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರು, ಆಮೇಲೆ ತಾವು ಕೂತ ಮೇಜನ್ನು ತಾವೇ ಒರೆಸಿ ಹೋದರು. ಇಮ್ತಿಯಾಜ್ ಮರದ ಕೆಳಗೆ ನಮಾಜಿಗೆ ನಿಂತರು. ಸಾರಾಳೂ ಅಪ್ಪನ ಹಿಂದೆ ಹೋದಳು, ನಸೀಮಾಳ ಮುಂದೆ ನಾನೊಬ್ಬನೇ ಕೂತಿದ್ದೆ. ಹೇಳುವುದಿದ್ದರೆ ಈಗಲೇ ಎಂದುಕೊಂಡೆ. ಎಂದುಕೊಂಡವನು ಇನ್ನೊಂದಿಷ್ಟು ಪುಳಿಯೋಗರೆ ಬಡಿಸಿಕೊಂಡೆ.

ನಸೀಮಾಳೇ ಮಾತು ತೆಗೆದಳು. "ಸರ್, ನಾಳೆ ನಿಮ್ಮ ಪಾಠ ಫುಲ್ ವಿಡಿಯೋ ಮಾಡ್ತೀನಿ. ಅಬ್ಬಾ ಕಾಯ್ತಿದಾರೆ. ಮೈಸೂರಲ್ಲಿ ಅಕ್ಕನ ಮನೇಲಿದಾರೆ. ಮೇಷ್ಟ್ರು ಆ ತಕ್ಕಡಿ ಪಾಠ ಮಾಡ್ತಾರಾ ಅಂತ ಮೂರು ಸಲ ಕೇಳಿದ್ರು."

"ಅವರಿಗೆ ನೆನಪಿದೆಯಾ?"

"ಇದೆ ಸರ್" ಎಂದಳು ಅವಳು. ಡಬ್ಬಿಯ ಮುಚ್ಚಳ ಹಾಕಿದಳು.

ನಾಳೆ ವೇದಿಕೆಯ ಮೇಲೆ ಎಲ್ಲರೆದುರಿಗೇ ತಪ್ಪೊಪ್ಪಿಕೊಂಡು ಸರಿಯಾದ ಪಾಠ ಮಾಡುತ್ತೇನೆ ಎಂದು ಆಗಲೇ ನಿಶ್ಚಯಿಸಿದೆ. ಷಾರ್ಲೆಟ್ ಊರು ಹಾದುಹೋಗುವಷ್ಟರಲ್ಲಿ ವಾಕ್ಯಗಳೂ ಸಿದ್ಧವಾಗಿದ್ದವು. ಚೆನ್ನಾಗಿಯೇ ಇದ್ದವು. ತಪ್ಪೊಪ್ಪಿಗೆಗೂ ಚಪ್ಪಾಳೆ ಬೀಳಬಹುದು ಎಂದು ಒಂದು ಕ್ಷಣ ಅನ್ನಿಸಿತೆಂಬುದನ್ನೂ ಮುಚ್ಚಿಡುವುದಿಲ್ಲ.

ಅಟ್ಲಾಂಟಾ

ಕಮ್ಯೂನಿಟಿ ಹಾಲಿನಲ್ಲಿ ನೂರಕ್ಕೂ ಹೆಚ್ಚು ಜನ. ಬಾಗಿಲಲ್ಲಿ ಪ್ಲಾಸ್ಟಿಕ್ ಮಾವಿನ ತೋರಣ, ಒಳಗೆ ನಿಜವಾದ ಬಿಸಿಬೇಳೆಬಾತಿನ ವಾಸನೆ. ಮೈಸೂರು ಪೇಟ ತೊಡಿಸಿ ಶಾಲು ಹೊದಿಸಿದರು. ಪೇಟ ಸ್ವಲ್ಪ ದೊಡ್ಡದಾಗಿ ಕಿವಿಯ ಮೇಲೆ ಕೂತಿತು. ಕೂದಲು ನರೆತ ವಿದ್ಯಾರ್ಥಿಗಳು ಸಾಲಾಗಿ ಬಂದು ಕಾಲಿಗೆ ಬಿದ್ದರು. ನಾನು ಒಮ್ಮೆ ಬೆತ್ತದಲ್ಲಿ ಹೊಡೆದಿದ್ದ ಗಿರೀಶ ಈಗ ಅಲ್ಲಿ ಮನೆ ಕಟ್ಟಿಸುವ ಕಂಟ್ರಾಕ್ಟರು. ಅವನೇ ಮೈಕ್ ಹಿಡಿದು, "ನಮ್ಮ ಸರ್ ಒಂದು ದಿನ ಕೂಡ ನೋಟ್ಸ್ ನೋಡಿ ಪಾಠ ಮಾಡಿದೋರಲ್ಲ" ಎಂದ. ಹೊಗಳಿಕೆಯೇ. ನನಗೆ ಮಾತ್ರ ಚುಚ್ಚಿತು.

ಮೇಜಿನ ಮೇಲೆ ತಕ್ಕಡಿ ನೇತುಹಾಕಿದ್ದರು. ಯಾರೋ ನವಿಲುಗರಿ ತಂದಿದ್ದರು. ಹುಣಸೆಬೀಜದ ಬಟ್ಟಲೂ ಇತ್ತು. ಮುಂದಿನ ಸಾಲಿನಲ್ಲಿ ಸಾರಾ, ಅವಳ ಪಕ್ಕದಲ್ಲಿ ಫೋನ್ ಹಿಡಿದ ನಸೀಮಾ. ನಾನು ಕೆಮ್ಮಿ, "ಮಕ್ಕಳೇ, ಈ ಪಾಠದಲ್ಲಿ" ಎಂದು ಶುರು ಮಾಡಿದೆ. ಮುಂದಿನ ಮಾತು ನಾನು ಒಂದು ತಪ್ಪು ಮಾಡಿದ್ದೆ ಎನ್ನುವುದು. ಅಷ್ಟರಲ್ಲಿ ಹಿಂದಿನಿಂದ ಗಿರೀಶ ಕೂಗಿದ, "ಸರ್, ಫಸ್ಟು ಆ ಡೈಲಾಗು." ಹಾಲೆಲ್ಲ ನಕ್ಕಿತು. ಆಗಲೇ ಇಬ್ಬರು ಹುಣಸೆಬೀಜ ಹಿಡಿದುಕೊಂಡು ವೇದಿಕೆ ಹತ್ತಿದ್ದರು.

ನಾನು ಬಾಯಿ ಮುಚ್ಚಬಹುದಿತ್ತು. ಕೈ ಎತ್ತಿ ತಡೆಯಬಹುದಿತ್ತು. ಯಾರೂ ನನ್ನ ಕತ್ತು ಹಿಡಿದಿರಲಿಲ್ಲ. ಆದರೆ ಆ ಮುಖಗಳಲ್ಲಿದ್ದ ಪ್ರೀತಿ ನನಗೆ ಬೇಕಾಗಿತ್ತು, ಅದೂ ಇಡಿಯಾಗಿ, ಒಂದು ಚೂರೂ ಕಮ್ಮಿಯಾಗದಂತೆ. ಬೀಜಗಳು ಬಿದ್ದವು. ತಟ್ಟೆ ಠಣ್ ಎಂದಿತು. ನಾನು ಎರಡೂ ಕೈ ಮೇಲೆತ್ತಿ, "ಪುಣ್ಯ ತೂಗಿತು, ಬಾಗಿಲು ತೆಗೀರಿ" ಎಂದೆ. ಪೇಟ ಜಾರಿ ಕಣ್ಣಿನ ಮೇಲೆ ಬಂತು. ಚಪ್ಪಾಳೆಯ ಸದ್ದು ಕೇಳುತ್ತಿತ್ತು, ಏನೂ ಕಾಣುತ್ತಿರಲಿಲ್ಲ.

ಪೇಟ ಸರಿಪಡಿಸಿಕೊಂಡಾಗ ನಸೀಮಾ ಫೋನನ್ನು ಮಡಿಲಿಗೆ ಇಳಿಸಿದ್ದಳು. ಸಾರಾ ಅಮ್ಮನ ಕಿವಿಯಲ್ಲಿ ಏನೋ ಕೇಳುತ್ತಿದ್ದಳು. ಅಮ್ಮ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಾಗಿಸಿದಳು. ಊಟಕ್ಕೆ ಹೋಳಿಗೆ ಇತ್ತು. ಎರಡು ತಿಂದೆ, ರುಚಿ ಗೊತ್ತಾಗಲಿಲ್ಲ.

ದಕ್ಷಿಣ ಕೆರೊಲಿನಾ

ಮಾರನೆಯ ಬೆಳಗ್ಗೆ ಏಳಕ್ಕೆ ವಾಪಸು ಹೊರಟೆವು. ಮೂರು ಗಂಟೆಯ ಹಾದಿಯುದ್ದಕ್ಕೂ ನಾನು ಕಣ್ಣು ಮುಚ್ಚಿ ಸೀಟಿಗೊರಗಿದ್ದೆ. ಸುಸ್ತಾಗಿರಬೇಕೆಂದು ಇಮ್ತಿಯಾಜ್ ಎಸಿ ಕಡಿಮೆ ಮಾಡಿದರು. ದಕ್ಷಿಣ ಕೆರೊಲಿನಾದಲ್ಲಿ ಪೀಚ್ ಹಣ್ಣಿನ ಆಕಾರದಲ್ಲಿ ಕಟ್ಟಿ, ಹಾಗೆಯೇ ಬಣ್ಣ ಬಳಿದ ಒಂದು ಭಾರಿ ನೀರಿನ ಟ್ಯಾಂಕ್ ಹೆದ್ದಾರಿಯ ಪಕ್ಕದಲ್ಲಿದೆ. ಅದರ ಹತ್ತಿರ ಪೆಟ್ರೋಲ್ ಹಾಕಿಸಲು ನಿಲ್ಲಿಸಿದರು. ಅಪ್ಪ ಮಗಳು ಹಣ್ಣು ತರಲು ಒಳಗೆ ಹೋದರು. ನಾನು, ನಸೀಮಾ ಕಾರಿನ ಹೊರಗೆ ನಿಂತೆವು.

"ವಿಡಿಯೋ ಅಬ್ಬಾಗೆ ಇನ್ನೂ ಕಳಿಸಿಲ್ಲ ಸರ್" ಎಂದಳು. "ಕಳಿಸ್ಲಾ?"

ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಬೇಡಮ್ಮ" ಎಂದೆ. "ನಾನು ಹೇಳಿದ್ದು ತಪ್ಪು. ಮ್ಯೂಸಿಯಂನಲ್ಲೇ ಗೊತ್ತಾಯ್ತು. ಗೊತ್ತಿದ್ದೂ ನಿನ್ನೆ ಹಾಗೇ ಮಾಡಿದೆ. ನಿಮ್ಮ ಅಬ್ಬಾನೇ ಸರಿ. ಅವತ್ತು ಕ್ಲಾಸಲ್ಲಿ ಆಡಿದ ಮಾತಿಗೆ ನನಗೆ ನಾಚಿಕೆ ಆಗ್ತಿದೆ."

"ಗೊತ್ತು ಸರ್. ಪಿಯುಸಿಲಿ ಲೈಬ್ರರಿಲಿ ಹುಡುಕಿ ನೋಡಿದ್ದೆ."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ನಿಮಗೆ ಹೆಂಗೆ ಹೇಳ್ಲಿ ಸರ್" ಎಂದಳು. "ನಿಮ್ಮ ಮೇಲೆ ಬೇಜಾರಿಲ್ಲ. ಬೇಜಾರು ನನ್ನ ಮೇಲೆ. ಅವತ್ತು ಮನೆಗೆ ಹೋಗಿ ಅಬ್ಬಾಗೆ ನಿಮ್ಮ ಮಾತು ಹಾಗೇ ಹೇಳ್ಬಿಟ್ಟೆ. ಹೊಲಿಯೋರು ಬೇರೆ, ಓದೋರು ಬೇರೆ ಅಂತೆ ಅಂತ. ಅಬ್ಬಾ ಡೈಲಿ ರಾತ್ರಿ ಊಟಕ್ಕೆ ಕೂತಾಗ ಅವತ್ತು ಬೈಂಡ್ ಮಾಡಿದ ಪುಸ್ತಕದಲ್ಲಿ ಏನಿತ್ತು ಅಂತ ಕಥೆ ಹೇಳೋರು. ಅವತ್ತಿಂದ ನಿಲ್ಲಿಸಿದ್ರು. ಪಿಯುಸಿಲಿ ಹೋಗಿ ನೀವೇ ಸರಿ ಅಬ್ಬಾ ಅಂದೆ. ಮೇಷ್ಟ್ರಿಗಿಂತ ನಿಂಗೆ ಜಾಸ್ತಿ ಗೊತ್ತಾ ಅಂದ್ರು. ನೀವು ಹೇಳದೆ ಅವರು ನಂಬಲ್ಲ ಸರ್. ಅದಕ್ಕೇ ಮ್ಯೂಸಿಯಂಗೆ ಕರ್ಕೊಂಡು ಹೋದೆ."

ಹೊಸ ಪಾತ್ರೆ, ಪುಳಿಯೋಗರೆ, ಹತ್ತು ಗಂಟೆಯ ಡ್ರೈವು, ಎಲ್ಲದರ ಹಿಂದೆ ಇದ್ದ ಒಂದೇ ಆಸೆ ಈಗ ಕಂಡಿತು. ನಾನು ಅದನ್ನು ನಿನ್ನೆ ನೂರು ಜನರ ಮುಂದೆ ಹುಣಸೆಬೀಜ ಹಾಕಿ ಮುಳುಗಿಸಿದ್ದೆ. ಈಗಲೇ ಫೋನ್ ಮಾಡು ಎಂದೆ. ಮೈಸೂರಿನಲ್ಲಿ ಸಂಜೆ ಏಳೂವರೆ.

ನಸೀಮಾಳ ಅಬ್ಬಾ ಖಲೀಲ್ ಸಾಹೇಬರ ಮುಖವನ್ನು ನಾನು ಹಿಂದೆ ಯಾವತ್ತೂ ನೋಡಿರಲಿಲ್ಲ. ಪರದೆಯ ಮೇಲೆ ಬಿಳಿ ಗಡ್ಡ, ಒಂದು ಕಡೆ ದಾರ ಕಟ್ಟಿದ ಕನ್ನಡಕ. ನನ್ನನ್ನು ಕಂಡೊಡನೆ ಕುರ್ಚಿಯಿಂದ ಎದ್ದು ನಿಂತರು. ನನಗಿಂತ ಹತ್ತು ವರ್ಷವಾದರೂ ದೊಡ್ಡವರು.

"ನಮಸ್ಕಾರ ಮೇಷ್ಟ್ರೇ. ತಿಂಡಿ ಆಯ್ತಾ? ನಮ್ಮ ಹುಡುಗಿ ಸರಿಯಾಗಿ ನೋಡ್ಕೊಂಡ್ಳಾ?"

ಕೂತ್ಕೊಳ್ಳಿ ಎಂದು ಎಷ್ಟು ಹೇಳಿದರೂ ಕೂರಲಿಲ್ಲ. ನಿಂತವರಿಗೇ ಹೇಳಿದೆ. ಹೃದಯ ಹಗುರವಿರಬೇಕು, ನೀವು ಓದಿದ್ದೇ ಸರಿ, ನಾನು ಪೂರ್ತಿ ತಪ್ಪು. ನಿಮ್ಮ ಬಗ್ಗೆ ಮಗುವಿನೆದುರು ಆಡಬಾರದ ಮಾತು ಆಡಿದೆ. ಚೆಂದದ ವಾಕ್ಯ ಒಂದೂ ಬರಲಿಲ್ಲ. ಕೈ ಮುಗಿದೆ. ಅವರು ಕನ್ನಡಕದ ದಾರವನ್ನು ಕಿವಿಗೆ ಸರಿಯಾಗಿ ಸಿಕ್ಕಿಸಿಕೊಂಡರು.

"ಹಂಗಾದ್ರೆ ಆವಾಗ ಬೈಂಡ್ ಮಾಡ್ತಿದ್ದ ಪುಸ್ತಕದಲ್ಲಿ ತಪ್ಪಿರ್ಲಿಲ್ಲ" ಎಂದರು. "ನೀವು ಹಂಗಂದ್ರಿ ಅಂತ ಹುಡುಗಿ ಹೇಳಿದ್ಲಲ್ಲ, ಮಾರನೇ ದಿನಾನೇ ಪ್ರೆಸ್ ಓನರ್ ಹತ್ರ ಹೋದೆ. ಬುಕ್ಕಲ್ಲಿ ತಪ್ಪು ಅಚ್ಚಾಗಿದೆ ಸಾರ್, ಹೈಸ್ಕೂಲ್ ಮೇಷ್ಟ್ರೇ ಹೇಳಿದಾರೆ, ಬೈಂಡ್ ಮಾಡೋದು ನಿಲ್ಸಿ ಅಂದೆ. ಕೆಲಸದವರೆಲ್ಲ ನಕ್ಕರು. ನಿಂಗ್ಯಾಕಯ್ಯ ಓದೋ ಉಸಾಬರಿ ಅಂದ್ರು ಓನರ್. ಆಮೇಲಿಂದ ಹದಿನಾರು ಹದಿನಾರು ಪುಟದ ಅಚ್ಚಿನ ಫಾರಮ್ಮುಗಳನ್ನ ಓದದೇನೇ ಹೊಲೀತಿದ್ದೆ. ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು ಮೇಷ್ಟ್ರೇ, ಕೆಲಸ ಬೇಗ ಮುಗೀತಿತ್ತು."

ಅದನ್ನು ನನಗೆ ಸಮಾಧಾನ ಹೇಳಲೆಂದೇ ಹೇಳಿದರು. ನಸೀಮಾ ಆಚೆ ತಿರುಗಿ ನಿಂತಳು. ಅವಳಿಗೂ ಇದು ಗೊತ್ತಿರಲಿಲ್ಲ.

"ಮೇಷ್ಟ್ರೇ, ಒಂದು ಕೇಳ್ತೀನಿ" ಎಂದರು ಖಲೀಲ್ ಸಾಹೇಬರು. ಈಗ ಕುರ್ಚಿಯ ಅಂಚಿನಲ್ಲಿ ಕೂತಿದ್ದರು. "ಹಗುರ ಇದ್ದೋನಿಗೆ ಆಮೇಲೆ ಏನಾಗುತ್ತೆ? ತಕ್ಕಡಿವರೆಗೆ ಇದ್ದ ಫಾರಂ ನಾನು ಓದಿದ್ದೆ. ಮುಂದಿನ ಹದಿನಾರು ಪುಟ ಹೊಲಿಗೆಗೆ ಬರೋ ಹೊತ್ತಿಗೆ ಓದೋದೇ ಬಿಟ್ಟಿದ್ದೆ."

ಸ್ವರ್ಗದ ಬಾಗಿಲು ತೆಗೆಯಿರಿ ಎಂದು ಮೂವತ್ತೊಂದು ವರ್ಷ ಕೂಗಿದವನಿಗೆ ಆ ಬಾಗಿಲಿನಾಚೆ ಏನಿದೆಯೆಂದು ಈಜಿಪ್ಟಿನವರು ನಂಬಿದ್ದರು ಎನ್ನುವುದು ಗೊತ್ತಿರಲಿಲ್ಲ. ಬಾಯಿಗೆ ಏನೋ ಬಂತು. ಹೇಳಿದ್ದರೆ ಖಲೀಲ್ ಸಾಹೇಬರು ನಂಬುತ್ತಿದ್ದರು.

"ನನಗೆ ಗೊತ್ತಿಲ್ಲ ಸಾಹೇಬರೇ" ಎಂದೆ.

"ಪರವಾಗಿಲ್ಲ, ಓದಿ ಹೇಳಿ" ಎಂದರು ಅವರು. "ನಾನು ಫೋನ್ ಇಡಲ್ಲ. ಕಾಯ್ತೀನಿ."

ನನ್ನ ಫೋನ್ ತೆಗೆದು, ಮ್ಯೂಸಿಯಂನಲ್ಲಿ ಎರಡೇ ಸಾಲು ಓದಿ ಬಿಟ್ಟಿದ್ದ ಪುಟ ತೆರೆದು, ಕನ್ನಡಕ ಒರೆಸಿಕೊಂಡು, ಅಲ್ಲೇ ಕಾರಿಗೊರಗಿ ಮೊದಲ ಸಾಲಿನಿಂದ ಓದತೊಡಗಿದೆ.